ಅಕ್ಕನಾಗಮ್ಮ ಕಳೆದುಹೋಗಿರಲಿಲ್ಲ

ಶಿಕಾರಿಪುರದಲ್ಲಿ ನನ್ನ ದೊಡ್ಡಮ್ಮ ಅಕ್ಕನಾಗಮ್ಮನ ಹೆಸರೆತ್ತಿದರೆ ಜನ ಮೊದಲು ನಗುತ್ತಾರೆ, ಆಮೇಲೆ ಮಾತಾಡುತ್ತಾರೆ. "ಗ್ರೀಸ್ ದೇಶದಲ್ಲಿ ಕಳೆದುಹೋಗಿದ್ರಲ್ಲ, ಅವ್ರೇ ಅಲ್ವಾ?" ಎಂದು ಕಿರಾಣಿ ಅಂಗಡಿಯವನು ಕೇಳುತ್ತಾನೆ, ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವವಳು ಕೇಳುತ್ತಾಳೆ, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತ ಗುರುತಿಲ್ಲದ ಹೆಂಗಸೂ ಕೇಳುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ. ಈ ಕಥೆಯನ್ನು ಊರಿಗೆಲ್ಲ ಹಂಚಿದವರು ಅವಳ ಗಂಡ, ನನ್ನ ದೊಡ್ಡಪ್ಪ ಮಲ್ಲಿಕಾರ್ಜುನಪ್ಪ. ಅವರು ಹಂಚಿದ್ದರಲ್ಲಿ ಅರ್ಧ ಸುಳ್ಳು, ಉಳಿದರ್ಧ ಅವರಿಗೇ ಗೊತ್ತಿರಲಿಲ್ಲ. ದೊಡ್ಡಮ್ಮನ ಬಾಯಿಂದಲೇ ಕೇಳಿದ್ದನ್ನು ನಾನು ಹೇಳುತ್ತೇನೆ. ನಗುವವರು ಆಮೇಲೆ ಬೇಕಾದರೆ ನಗಲಿ.

ದೊಡ್ಡಮ್ಮ ಹುಟ್ಟಿದ್ದು ಸೊರಬ ತಾಲ್ಲೂಕಿನ ಉಳವಿಯಲ್ಲಿ. ಅವಳ ತಂಗಿ ನನ್ನ ಅವ್ವ. ಅವ್ವನನ್ನು ಹೊಸಬಾಳೆಗೆ ಕೊಟ್ಟರು, ದೊಡ್ಡಮ್ಮನನ್ನು ಶಿಕಾರಿಪುರದ ಬೀಜ-ಗೊಬ್ಬರದ ಅಂಗಡಿಯವರ ಮನೆಗೆ. ಕಾಲೇಜು ಓದುವಾಗ ನಾನು ಅವಳ ಮನೆಯಲ್ಲೇ ಇದ್ದೆ. ಹಾಗಾಗಿ ಅಂಗಡಿ ನಡೆಸಿದವರು ಯಾರು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೊಡ್ಡಪ್ಪ ಸಹಕಾರಿ ಸಂಘದ ಡೈರೆಕ್ಟರ್ ಆಗಿದ್ದರು. ತಮ್ಮ ಹೆಸರಿನಲ್ಲಿ ಡೀಲರ್‌ಶಿಪ್ ಇಟ್ಟುಕೊಳ್ಳುವ ಹಾಗಿರಲಿಲ್ಲವಂತೆ, ಅದಕ್ಕೆ ಹೆಂಡತಿಯ ಹೆಸರಿಗೆ ಮಾಡಿಸಿದ್ದರು. ಹೆಸರಿಗೆ ಅಂತ ಮಾಡಿಸಿದ್ದು, ಆದರೆ ಕೆಲಸವೂ ಅವಳ ಪಾಲಿಗೇ ಬಂತು. ದೊಡ್ಡಪ್ಪ ಬೆಳಿಗ್ಗೆ ತಿಂಡಿ ತಿಂದು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟರೆ ಸಂಘ, ಚುನಾವಣೆ, ಲಾಡ್ಜಿನಲ್ಲಿ ಇಸ್ಪೀಟು. ದೊಡ್ಡಮ್ಮ ಒಲೆ ಆರಿಸಿ, ಕೈ ಒರೆಸಿಕೊಂಡು, ಮನೆಯ ಮುಂದಿನ ಕೋಣೆಯಲ್ಲಿದ್ದ ಅಂಗಡಿಯ ಬಾಗಿಲು ತೆಗೆಯುತ್ತಿದ್ದಳು. ಮಧ್ಯಾಹ್ನ ಅನ್ನಕ್ಕೆ ಇಟ್ಟು ಬಂದು ಗೊಬ್ಬರ ತೂಗುತ್ತಿದ್ದಳು, ಗೊಬ್ಬರ ತೂಗಿ ಹೋಗಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಆಗ ನಮ್ಮ ಕಡೆ ಗೋವಿನಜೋಳದ ಹೈಬ್ರಿಡ್ ಬೀಜ ಹೊಸದು. ರೈತರು ಬಂದು, "ಅಮ್ಮಾರೇ, ಯಾವ್ದು ಹಾಕಣ ಹೇಳ್ರಿ" ಎಂದು ಅವಳನ್ನೇ ಕೇಳುತ್ತಿದ್ದರು. ದೊಡ್ಡಪ್ಪ ಅಂಗಡಿಯಲ್ಲಿ ಕೂತಿದ್ದ ದಿನ, "ಅಮ್ಮಾರು ಇಲ್ವಾ? ನಾಳೆ ಬರ್ತೀವಿ ಬಿಡ್ರಿ" ಎಂದು ತಿರುಗಿ ಹೋಗುತ್ತಿದ್ದರು.

೧೯೯೭ರಲ್ಲಿ ಆ ಬೀಜದ ಕಂಪನಿ ಒಂದು ಸ್ಕೀಮು ತಂದಿತು. ಹೆಚ್ಚು ಬೀಜ ಮಾರಿದ ಡೀಲರಿಗೆ ಗ್ರೀಸ್ ಪ್ರವಾಸ, ಜೊತೆಗೆ ಒಬ್ಬರನ್ನು ಕರೆದೊಯ್ಯಬಹುದು. ಮಳೆ ಬೀಳುವ ಮುಂಚೆಯೇ ದೊಡ್ಡಮ್ಮ ಮಾಲು ಖಾಲಿ ಮಾಡಿದಳು. ಆಗಸ್ಟಿನಲ್ಲಿ ಟಿಕೆಟ್ ಬಂದೇ ಬಂತು. ದೊಡ್ಡಪ್ಪ ತಕ್ಷಣ ತಮ್ಮ ಇಸ್ಪೀಟಿನ ಗೆಳೆಯ ಕಂಟ್ರಾಕ್ಟರ್ ಉಚ್ಚಂಗಪ್ಪನಿಗೆ, "ಸೂಟ್‌ಕೇಸ್ ರೆಡಿ ಮಾಡ್ಕೊಳಪ್ಪಾ" ಎಂದು ಹೇಳಿ ಕಳಿಸಿದರು. ಆದರೆ ಟಿಕೆಟ್ ಇದ್ದದ್ದು ಅಕ್ಕನಾಗಮ್ಮನ ಹೆಸರಿನಲ್ಲಿ. ಜೊತೆಗಾರರೆಂದು ಬೇಕಾದರೆ ದೊಡ್ಡಪ್ಪ ಹೋಗಬಹುದಿತ್ತು. ಕಂಪನಿಯವರು ಹೆಸರು ಬದಲಾಯಿಸಲು ಬರುವುದಿಲ್ಲ ಎಂದರು. ಉಚ್ಚಂಗಪ್ಪನ ಸೂಟ್‌ಕೇಸ್ ಅಟ್ಟಕ್ಕೆ ಹೋಯಿತು. ಹೀಗೆ ದೊಡ್ಡಮ್ಮ ತನ್ನದೇ ಟಿಕೆಟ್ಟಿನಲ್ಲಿ ಹೋದದ್ದನ್ನು ದೊಡ್ಡಪ್ಪ ಇವತ್ತಿಗೂ "ನಾನು ಹೆಂಡ್ತಿನ ಫಾರಿನ್ನಿಗೆ ಕರ್ಕೊಂಡು ಹೋಗಿದ್ದೆ" ಎನ್ನುತ್ತಾರೆ. ನಾಚಿಕೆ ಎನ್ನುವುದು ಕೆಲವರ ಮನೆಯ ಬಾಗಿಲಿಗೂ ಬರುವುದಿಲ್ಲ.

ಅವಳಿಗೆ ಏನು ಬೇಕಿತ್ತು? ಹೋಗುವ ಹಿಂದಿನ ವಾರ ರೊಟ್ಟಿ ಬಡಿಯುತ್ತಾ ನನಗೆ ಹೇಳಿದಳು. "ಅಶ್ವಿನಿ, ಅಲ್ಲಿ ಒಂದಿನ ದ್ವೀಪಕ್ಕೆ ಕರ್ಕೊಂಡು ಹೋಗ್ತಾರಂತೆ ಕಣೆ. ಸುತ್ತ ಸಮುದ್ರವಂತೆ. ಗಲಾಟೆ ಇಲ್ದಿರೋ ಜಾಗವಂತೆ. ನಾನು ಸಮುದ್ರದಾಗೆ ಕಾಲಿಡ್ಬೇಕು. ಸುಮ್ನೆ ಒಂದಷ್ಟು ಹೊತ್ತು ಕೂತ್ಕಬೇಕು. ಅಷ್ಟೇಯ."

ಅಷ್ಟೇ. ಅಲ್ಲಿಯವರೆಗೆ ಅವಳು ನೋಡಿದ ದೊಡ್ಡ ನೀರೆಂದರೆ ಊರ ಕೆರೆ ಮತ್ತು ಅಂಜನಾಪುರದ ಡ್ಯಾಮು. ಸೊರಬದಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಹೊನ್ನಾವರ ಸೇರಬಹುದು, ಅಲ್ಲಿ ಬೇಕಾದಷ್ಟು ಸಮುದ್ರ ಇದೆ. ಒಂದು ಸಲವೂ ಯಾರೂ ಅವಳನ್ನು ಕರೆದುಕೊಂಡು ಹೋಗಿರಲಿಲ್ಲ. ದೊಡ್ಡಪ್ಪ ಸಂಘದ ಜೀಪಿನಲ್ಲಿ ಗೋಕರ್ಣ, ಮುರ್ಡೇಶ್ವರ ಎಂದು ಎಷ್ಟು ಸಲ ಹೋಗಿದ್ದರೋ ಅವರಿಗೇ ನೆನಪಿಲ್ಲ.

ಪ್ರವಾಸಕ್ಕೆ ದಾವಣಗೆರೆ, ರಾಣೆಬೆನ್ನೂರು, ಹಾವೇರಿ ಕಡೆಯ ಡೀಲರುಗಳೆಲ್ಲ ಇದ್ದರು. ಹೆಂಡತಿಯನ್ನು ಕರೆತಂದವರು ಬೆರಳೆಣಿಕೆಯ ಜನ, ಉಳಿದವರು ತಮ್ಮನನ್ನೋ ಪಾಲುದಾರನನ್ನೋ ತಂದಿದ್ದರು. ಸೊರಬದಿಂದ ಪಂಪು, ಸ್ಪ್ರೇಯರ್, ಬೀಜ ಮಾರುವ ಮುನೀರ್ ಅಹ್ಮದ್ ತಮ್ಮ ಹೆಂಡತಿ ಹಮೀದಾಳ ಜೊತೆ ಬಂದಿದ್ದರು. ದೊಡ್ಡಮ್ಮನಿಗೂ ಹಮೀದಾಗೂ ವಿಮಾನದಲ್ಲೇ ಸ್ನೇಹವಾಯಿತು, ಇಬ್ಬರೂ ಸೊರಬದ ಸೀಮೆಯವರಲ್ಲವೇ.

ಅಥೆನ್ಸಿನ ಹೋಟೆಲಿನಲ್ಲಿ ಮೊದಲ ದಿನ ಸನ್ಮಾನ. ಕಂಪನಿಯ ಮ್ಯಾನೇಜರ್ ಮೈಕಿನಲ್ಲಿ, "ಶಿಕಾರಿಪುರದ ಶ್ರೀಮತಿ ಅಕ್ಕನಾಗಮ್ಮ" ಎಂದು ಕೂಗಿದ. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಏಳುವಷ್ಟರಲ್ಲಿ ದೊಡ್ಡಪ್ಪ ವೇದಿಕೆಯ ಮೇಲಿದ್ದರು. ಶ್ರೀಮತಿ ಅಕ್ಕನಾಗಮ್ಮ ಎಂದು ಕರೆದರೆ ಮೀಸೆ ಹೊತ್ತ ಗಂಡಸೊಬ್ಬರು ಹೋಗಿ ಶೀಲ್ಡು ತೆಗೆದುಕೊಂಡರು, ಜನ ಚಪ್ಪಾಳೆ ಹೊಡೆದರು, ಫೋಟೋ ತೆಗೆದರು. ಆ ಫೋಟೋ ಈಗಲೂ ಅಂಗಡಿಯ ಗೋಡೆಯ ಮೇಲಿದೆ. ನಾನು ಅದನ್ನು ನೋಡಿದಾಗಲೆಲ್ಲ ಹಲ್ಲು ಕಡಿಯುತ್ತೇನೆ. ದೊಡ್ಡಮ್ಮ ಮಾತ್ರ, "ಹೋಗ್ಲಿ ಬಿಡು, ಆ ಶೀಲ್ಡಿನಾಗೇನು ಅನ್ನ ಬೇಯಿಸಕೆ ಬರುತ್ತಾ" ಎಂದಿದ್ದಳು. ಅವಳ ಮನಸ್ಸು ದ್ವೀಪದ ಮೇಲಿತ್ತು.

ದ್ವೀಪದ ಹೆಸರು ಅಗಿಸ್ತ್ರಿ. ಅಥೆನ್ಸಿನ ಪಕ್ಕದ ಬಂದರಿನಿಂದ ಹಡಗು ಹತ್ತಿದರೆ ಒಂದೆರಡು ಗಂಟೆಯಲ್ಲಿ ತಲುಪುವಷ್ಟು ಹತ್ತಿರ. ಹಡಗು ಹತ್ತುತ್ತಿದ್ದಂತೆಯೇ ಗಂಡಸರೆಲ್ಲ, "ಅಕ್ಕಾರೇ, ಇದೊಂದು ಸ್ವಲ್ಪ ನೋಡ್ಕಳ್ರಿ" ಎಂದು ತಮ್ಮ ತಮ್ಮ ಬ್ಯಾಗುಗಳನ್ನು ದೊಡ್ಡಮ್ಮನ ಕಾಲ ಬಳಿ ಇಟ್ಟು ಮೇಲಿನ ಮಹಡಿಗೆ ಗಾಳಿ ಕುಡಿಯಲು ಹೋದರು. ಅವಳು ಕೆಳಗೆ, ಉಪ್ಪುಗಟ್ಟಿದ ಗಾಜಿನ ಕಿಟಕಿಯ ಪಕ್ಕ ಬ್ಯಾಗು ಕಾಯುತ್ತಾ ಕೂತಳು. ಗಾಜಿನಾಚೆ ಏನೋ ನೀಲಿ ಕದಲುತ್ತಿತ್ತು. ಇಳಿದ ಮೇಲೆ ಸರಿಯಾಗಿ ನೋಡುತ್ತೇನೆ ಎಂದುಕೊಂಡಳು.

ಇಳಿದ ಮೇಲೆ ನೋಡಿದ್ದು ಅಡುಗೆಮನೆ.

ಆಗಿದ್ದೇನೆಂದರೆ, ದಡದ ಹೋಟೆಲಿನ ಮುಂದೆ ಹಗ್ಗದ ಮೇಲೆ ಆಕ್ಟೋಪಸ್‌ಗಳನ್ನು ಬಟ್ಟೆ ಒಣಹಾಕಿದ ಹಾಗೆ ಒಣಹಾಕಿದ್ದರು. ಅದನ್ನು ಕಂಡದ್ದೇ ನಮ್ಮ ಲಿಂಗವಂತ ಡೀಲರುಗಳು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಅಲ್ಲಿ ನೀರೂ ಮುಟ್ಟುವುದಿಲ್ಲ ಎಂದರು. ಇದಕ್ಕೆಲ್ಲ ಮ್ಯಾನೇಜರ್ ಮೊದಲೇ ತಯಾರಾಗಿದ್ದ. ಒಂದು ವಸತಿಗೃಹದ ಅಡುಗೆಮನೆ ಗೊತ್ತು ಮಾಡಿ, ಅಕ್ಕಿ ಬೇಳೆ ತರಕಾರಿ ತರಿಸಿಟ್ಟಿದ್ದ. ಯಾರು ಬೇಯಿಸಬೇಕು ಎಂದು ಮಾತ್ರ ಯಾರನ್ನೂ ಕೇಳಿರಲಿಲ್ಲ, ಕೇಳುವುದು ಅವಶ್ಯ ಎಂದು ಅವನಿಗೆ ಅನ್ನಿಸಿರಲೂ ಇಲ್ಲ. "ಅಮ್ಮಾ, ನಿಮ್ಮ ಕೈರುಚಿ ತಿಂದು ವಾರ ಆಯ್ತು ನೋಡಿ ಇವ್ರೆಲ್ಲ" ಎಂದು ಹಲ್ಲು ಕಿರಿದ. ದೊಡ್ಡಪ್ಪ, "ಒಂದ್ ಗಂಟೆ ಕೆಲ್ಸ, ಮಾಡಿಬಿಡು" ಎಂದು ಟವಲು ಹೆಗಲಿಗೆ ಹಾಕಿಕೊಂಡು ದಡದ ಕಡೆ ಹೋದರು. ಹೆಂಗಸರೆಲ್ಲ ಒಳಗೆ ಸೇರಿದರು. ಹಮೀದಾಳನ್ನು ಮಾತ್ರ ಯಾರೂ ಕರೆಯಲಿಲ್ಲ. ಸಾಬರ ಕೈಯಡುಗೆ ಅವರು ತಿನ್ನುವುದಿಲ್ಲವಲ್ಲ.

"ಅಕ್ಕಾ, ನನ್ನ ಕೈದು ತಿನ್ನಲ್ಲ ಅಂತ ಯಾವತ್ತೂ ಬೇಜಾರಾಗ್ತಿತ್ತು. ಇವತ್ತು ಪುಣ್ಯ ಅನ್ನಿಸ್ತು ನೋಡಿ. ನೀವೂ ಬರ್ರಿ, ಬಿಟ್ಟು ಬರ್ರಿ" ಎಂದು ಹಮೀದಾ ಬಾಗಿಲಲ್ಲಿ ನಿಂತು ಕರೆದಳಂತೆ.

"ನೀನು ನಡಿಯವ್ವಾ, ಅನ್ನ ಇಳಿಸಿ ಬಂದೆ" ಎಂದಳು ದೊಡ್ಡಮ್ಮ.

ಅನ್ನ ಇಳಿಯಿತು, ಬೇಳೆಸಾರು ಕುದಿಯಿತು. ಅಲ್ಲಿನ ಮೊಸರು ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿ, ಅದಕ್ಕೆ ನೀರು ಬೆರೆಸಿ ಮಜ್ಜಿಗೆ ಮಾಡಿದರು. ಗಂಡಸರು ಒದ್ದೆ ಚಡ್ಡಿಯಲ್ಲೇ ಬಂದು ಕೂತು ಉಂಡರು. ಸಾರಿಗೆ ಹುಳಿ ಕಡಿಮೆ ಎಂದು ಒಬ್ಬ ಹೇಳಿದ. ಅಡುಗೆಮನೆಗೆ ಒಂದೇ ಕಿಟಕಿ, ಅದು ತೆರೆದರೆ ಗುಡ್ಡದ ಕಲ್ಲು. ಸಮುದ್ರ ಇದ್ದದ್ದು ಮನೆಯ ಇನ್ನೊಂದು ಕಡೆ. ಮಧ್ಯಾಹ್ನ ಇಳಿದಿತ್ತು. ಪಾತ್ರೆ ತೊಳೆದು ಮುಗಿಸಿ ಉಳಿದ ಹೆಂಗಸರು ಆಗಲೇ ಹೊರಗೆ ಹೋಗಿದ್ದರು. ದೊಡ್ಡಮ್ಮ ಸೀರೆಯ ನೆರಿಗೆ ಕೊಡವಿಕೊಂಡು ಹೊರಡಬೇಕು, ಅಷ್ಟರಲ್ಲಿ ದೊಡ್ಡಪ್ಪ ಬಾಗಿಲಿಗೆ ಬಂದರು.

"ಏ, ಮಂಡಕ್ಕಿ ತಂದಿದ್ದೀಯಲ್ಲ? ಒಗ್ಗರಣೆ ಹಾಕು. ಹಂಗೇ ಕಡ್ಲೆಹಿಟ್ಟೂ ಐತೆ, ನಾಕು ಮೆಣಸಿನಕಾಯಿ ಕರಿದು ಕಳಿಸು. ಎಲ್ಲಾ ಕೂತ್ಕಂಡಾರೆ ದಡದಾಗೆ, ಬಾಯಿಗೆ ಏನೂ ಇಲ್ಲ."

ಕೇಳಿದಿರಲ್ಲ? ಏಳು ಸಮುದ್ರ ದಾಟಿ ಬಂದು, ಗ್ರೀಸ್ ದೇಶದ ದ್ವೀಪದಲ್ಲಿ ಕೂತು, ಇವರಿಗೆ ದಾವಣಗೆರೆ ಬಸ್ ಸ್ಟ್ಯಾಂಡಿನ ಮಂಡಕ್ಕಿ-ಮೆಣಸಿನಕಾಯಿ ಬೇಕಾಯಿತು. ಬೇಕಾದರೆ ತಾವೇ ಕರಿದುಕೊಳ್ಳಬಹುದಿತ್ತು, ಒಲೆ ಹಚ್ಚಲು ಪಾಸ್‌ಪೋರ್ಟ್ ಬೇಕಾಗಿರಲಿಲ್ಲ.

ದೊಡ್ಡಮ್ಮ ಎಣ್ಣೆ ಕಾಯಲು ಇಟ್ಟಳು. ಮೆಣಸಿನಕಾಯಿ ಸೀಳಿದಳು. ಹಿಟ್ಟು ಕಲಸಲು ಕೈ ಹಾಕಿದವಳು ಹಾಗೇ ನಿಂತಳು. "ನಂಗೆ ಏನಾಯ್ತೋ ಗೊತ್ತಿಲ್ಲ ಕಣೆ" ಎಂದಿದ್ದಳು ನನಗೆ. "ಇದನ್ನ ಕರಿದು ಮುಗಿಸೋ ಹೊತ್ತಿಗೆ ಇನ್ನೊಂದು ಕೇಳ್ತಾರೆ, ಆಮೇಲೆ ಹಡಗು ಹೊರಡುತ್ತೆ, ಮತ್ತೆ ಬ್ಯಾಗು ಕಾಯಕೆ ಕೂರಿಸ್ತಾರೆ ಅಂತ ಒಂದೇ ಸಲ ಕಣ್ಣಿಗೆ ಕಟ್ತು." ಅವಳು ಗ್ಯಾಸ್ ಆರಿಸಿದಳು. ಕೈ ತೊಳೆದಳು. ಊರಿಂದ ತಂದಿದ್ದ ರೊಟ್ಟಿಯ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಹಿಂದಿನ ಬಾಗಿಲಿಂದ ಹೊರಬಿದ್ದಳು.

ಊರಿಗೆ ಊರೇ ಮಲಗಿತ್ತು. ಅಲ್ಲಿ ಮಧ್ಯಾಹ್ನ ಎಲ್ಲರೂ ಕದ ಹಾಕಿಕೊಂಡು ಮಲಗುತ್ತಾರಂತೆ. ಸುಣ್ಣ ಬಳಿದ ಮನೆಗಳು, ಮುಚ್ಚಿದ ಕಿಟಕಿಗಳು, ನೆರಳಲ್ಲಿ ಬೆಕ್ಕು. ಒಂದು ಸ್ಕೂಟರ್ ಶಬ್ದವೂ ಇಲ್ಲ. ತನ್ನ ಚಪ್ಪಲಿಯ ಶಬ್ದವೇ ದೊಡ್ಡದಾಯಿತೆಂದು ಅವಳು ಚಪ್ಪಲಿ ಕೈಗೆತ್ತಿಕೊಂಡಳು. ಪೈನ್ ಮರಗಳ ನಡುವಿನ ಕಾಲುದಾರಿ ಹತ್ತಿ, ಗುಡ್ಡದ ಆಚೆ ಇಳಿದರೆ ಯಾರೂ ಇಲ್ಲದ ಪುಟ್ಟ ದಡ. ಸೀರೆ ಎತ್ತಿ ಕಟ್ಟಿ ಮೊಣಕಾಲವರೆಗೆ ನೀರಿಗೆ ಇಳಿದಳು. ನೀರು ಬೆಚ್ಚಗಿತ್ತು, ತಳದ ಕಲ್ಲು ಕಾಣುತ್ತಿತ್ತು.

"ಖುಷಿ ಆಯ್ತಾ ದೊಡ್ಡಮ್ಮ?" ಎಂದು ನಾನು ಪೆದ್ದುಪೆದ್ದಾಗಿ ಕೇಳಿದ್ದೆ.

"ಇಲ್ಲ ಕಣೆ, ಸಿಟ್ಟು ಬಂತು. ಇಷ್ಟೇನಾ ಅಂತ. ಸೀರೆ ಎತ್ತಿ ಕಟ್ಟಿ ಇಳಿದ್ರೆ ಆಯ್ತು, ಇಷ್ಟೇ ಕೆಲ್ಸ. ಇದಕ್ಕೆ ನಾನು ಇಷ್ಟು ವರ್ಷ ಯಾರನ್ನ ಕೇಳ್ಕಂಡು ಕೂತಿದ್ದೆ? ಆ ನೀರಾಗೆ ನಿಂತು ಅವ್ರನ್ನೂ ಬೈದೆ, ನನ್ನೂ ಬೈದೆ. ಜೋರಾಗೇ ಬೈದೆ. ಕೇಳೋರು ಯಾರೂ ಇರ್ಲಿಲ್ಲ."

ಬೈದು ಸುಸ್ತಾದ ಮೇಲೆ ದಡದ ಬಂಡೆಯ ಮೇಲೆ ಕೂತು, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಳು. ಮನೆಯಲ್ಲಿ ಅವಳ ಪೂಜೆ ಹಾಲು ಉಕ್ಕುವುದರೊಳಗೆ ಮುಗಿಯಬೇಕಿತ್ತು. ಅಲ್ಲಿ ಹಾಲು ಇರಲಿಲ್ಲ, ಒಲೆಯೂ ಇರಲಿಲ್ಲ. ಎಷ್ಟು ಹೊತ್ತು ಕೂತಳೋ ಅವಳಿಗೇ ತಿಳಿಯಲಿಲ್ಲ. ಆಗ ಸಿಟ್ಟು ಸ್ವಲ್ಪ ಇಳಿಯಿತಂತೆ.

ಮರಳಿ ಗುಡ್ಡ ಹತ್ತಿ ಬಂದಾಗ ಕೆಳಗೆ ಹಡಗು ನಿಂತಿತ್ತು. ಗುಡ್ಡದ ಅಂಚಿನಲ್ಲೊಂದು ಮನೆ, ಅದರ ಮುಂದೆ ಗಿಡ್ಡ ಕಲ್ಲುಗೋಡೆ. ಕರಿ ಬಟ್ಟೆ ತೊಟ್ಟ ಒಬ್ಬ ಮುದುಕಿ ಅಂಗಳದಲ್ಲಿ ಅಂಜೂರ ಒಣಹಾಕುತ್ತಿದ್ದಳು. ದೊಡ್ಡಮ್ಮನ ಒದ್ದೆ ಸೀರೆ ನೋಡಿ ಏನೂ ಕೇಳದೆ ಒಂದು ಲೋಟ ನೀರು ತಂದುಕೊಟ್ಟಳು. ದೊಡ್ಡಮ್ಮ ಗೋಡೆಯ ಮೇಲೆ ಕೂತಳು. ಹಡಗು ಕೂಗಿತು. ಇಳಿದು ಓಡಿದ್ದರೆ ಸಿಗುತ್ತಿತ್ತು. ಅವಳು ಓಡಲಿಲ್ಲ. ಗಂಡ ತನ್ನನ್ನು ಹುಡುಕಿಕೊಂಡು ಬರುತ್ತಾರಾ ಎಂದು ನೋಡಬೇಕು ಎಂದು ಅವಳ ಮನಸ್ಸಿಗೆ ಬಂದುಬಿಟ್ಟಿತ್ತು. ಬರುವುದೂ ಬೇಡ, ಹಡಗು ಹತ್ತುವ ಮುಂಚೆ ಇವಳೆಲ್ಲಿ ಎಂದು ಒಂದು ಸಲ ಸುತ್ತ ನೋಡಿದರೂ ಸಾಕಿತ್ತು, ಅವಳು ಇಳಿದು ಓಡುತ್ತಿದ್ದಳು. ಒಬ್ಬೊಬ್ಬರಾಗಿ ಎಲ್ಲರೂ ಹತ್ತಿದರು. ದೊಡ್ಡಪ್ಪನೂ ಹತ್ತಿದರು. ಹಡಗು ಮತ್ತೊಮ್ಮೆ ಕೂಗಿ ಹೊರಟಿತು. ಅವಳು ಕೂತು ನೋಡಿದಳು.

ಹಡಗಿನೊಳಗೆ ನಡೆದದ್ದನ್ನು ಹಮೀದಾ ಹೇಳಿದ್ದು. ಮಂಡಕ್ಕಿ ಬಾರದಿದ್ದಾಗ ಗಂಡಸರು ಯಾಕೆಂದೂ ಕೇಳದೆ ದಡದಲ್ಲಿ ಪಿಸ್ತಾ ಕೊಂಡು ತಿಂದಿದ್ದರಂತೆ. ಹೊರಟ ಸ್ವಲ್ಪ ಹೊತ್ತಿಗೆ ಅವಳು ದೊಡ್ಡಪ್ಪನ ಹತ್ತಿರ ಹೋಗಿ, "ಅಣ್ಣಾರೇ, ಅಕ್ಕ ಕಾಣ್ತಿಲ್ಲ" ಎಂದಳು. ದೊಡ್ಡಪ್ಪ ಕೈಯಲ್ಲಿದ್ದ ಇಸ್ಪೀಟಿನಿಂದ ಕಣ್ಣು ತೆಗೆಯದೆ, "ಕೆಳಗೆ ಬ್ಯಾಗಿನ ಹತ್ರ ಇರ್ತಾಳೆ ತಗಳಮ್ಮ" ಎಂದರು. ಹಮೀದಾ ಕೆಳಗೆ ಹೋಗಿ ಹುಡುಕಿ ಮತ್ತೆ ಬಂದು, ಇಲ್ಲ ಎಂದಳು. "ಇರ್ತಾಳೆ, ಅಲ್ಲೇ ಎಲ್ಲೋ ಇರ್ತಾಳೆ" ಎಂದು ಎಲೆ ಇಳಿಸಿದರು. ಮುನೀರ್ ಅಹ್ಮದ್ ಹೋಗಿ ಮ್ಯಾನೇಜರನಿಗೆ ಹೇಳಿದರು. ಅವನು ಎಲ್ಲ ಹೆಂಗಸರೂ ಹತ್ತಿದ್ದನ್ನು ತಾನೇ ನೋಡಿದ್ದೇನೆ ಎಂದುಬಿಟ್ಟ. ಅವನು ನೋಡಿದ್ದು ಸೀರೆಗಳನ್ನು. ಅಥೆನ್ಸಿನ ಹೋಟೆಲಿಗೆ ಬಂದು, ಸ್ನಾನ ಮಾಡಿ, ಊಟಕ್ಕೆ ಕೂತು, ರೊಟ್ಟಿಯ ಬ್ಯಾಗು ಎಲ್ಲಿ ಎಂದು ಹುಡುಕುವಾಗಲೇ ದೊಡ್ಡಪ್ಪನಿಗೆ ಹೆಂಡತಿ ಇಲ್ಲದ್ದು ಗಮನಕ್ಕೆ ಬಂದದ್ದು. ಬ್ಯಾಗು ಇದ್ದಿದ್ದರೆ ಮಾರನೆಯ ಬೆಳಗಿನವರೆಗೂ ಗೊತ್ತಾಗುತ್ತಿತ್ತೋ ಇಲ್ಲವೋ, ದೇವರೇ ಬಲ್ಲ.

ಆಮೇಲೆ ಫೋನಾಯಿತು, ಗಾಬರಿಯಾಯಿತು. ದ್ವೀಪದ ಪೊಲೀಸಿನವನು ಮುದುಕಿಯ ಮನೆಗೆ ಬಂದು ನೋಡಿ, ನಾಳೆ ಹಡಗು ಬರುತ್ತದೆ ಎಂದು ಕೈಸನ್ನೆ ಮಾಡಿ ಹೋದ. ದೊಡ್ಡಮ್ಮನೂ ಮುದುಕಿಯೂ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಂಜೂರ ತಿಂದು ಮಲಗಿದರು. ಒಬ್ಬರ ಮಾತು ಇನ್ನೊಬ್ಬರಿಗೆ ಗೊತ್ತಿಲ್ಲ. ಅವಳಿಗೆ ಅದೇ ಹಿತವಾಗಿತ್ತಂತೆ. ಆ ಮುದುಕಿ ಏನನ್ನೂ ಮಾಡಿಕೊಡು ಎನ್ನಲಿಲ್ಲ.

ಬೆಳಿಗ್ಗೆ ಹಡಗಿನಿಂದ ದೊಡ್ಡಪ್ಪ ಇಳಿದರು. ಹಿಂದೆ ಬೆವರೊರೆಸಿಕೊಳ್ಳುತ್ತಾ ಮ್ಯಾನೇಜರ್. ದೊಡ್ಡಮ್ಮ ಹಡಗು ನಿಲ್ಲುವ ದಕ್ಕೆಯ ಮೇಲೆ ನಿಂತಿದ್ದಳು. ಹಿಂದಿನ ದಿನದಿಂದ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಬಿಡಬೇಕು ಎಂದುಕೊಂಡಿದ್ದಳು. ದೊಡ್ಡಪ್ಪ ಹತ್ತಿರ ಬಂದು ಆಡಿದ ಮೊದಲ ಮಾತು ಇದು: "ರೊಟ್ಟಿ ಬ್ಯಾಗು ನಿನ್ಹತ್ರ ಐತಾ? ರಾತ್ರಿ ಎಲ್ಲಾ ಬರೀ ಬ್ರೆಡ್ಡು ತಿಂದು ಮಲಗೀವಿ."

ದೊಡ್ಡಮ್ಮ ಬ್ಯಾಗನ್ನು ಅವರ ಕೈಗೆ ಕೊಟ್ಟಳು. "ಐತೆ. ಖಾಲಿ ಆಗೈತೆ" ಎಂದಷ್ಟೇ ಹೇಳಿ ಹಡಗು ಹತ್ತಿದಳು. ಈ ಸಲ ಮೇಲಿನ ಮಹಡಿಗೆ ಹೋಗಿ ಕೂತಳು.

ಶಿಕಾರಿಪುರಕ್ಕೆ ಬಂದ ವಾರದಲ್ಲೇ ದೊಡ್ಡಪ್ಪನ ಕಥೆ ತಯಾರಾಗಿತ್ತು: ನಮ್ಮನೆಯಾಕೆ ಸಂಡಾಸಿಗೆ ಹೋದವಳು ದಾರಿ ತಪ್ಪಿದಳು, ಹಡಗು ತಪ್ಪಿಸಿಕೊಂಡಳು, ದಡದಲ್ಲಿ ಅಳುತ್ತಾ ಕೂತಿದ್ದಳು, ನಾನು ದೇಶವನ್ನೇ ಜಾಲಾಡಿ ಹುಡುಕಿ ತಂದೆ. ಬೀಜ ಕೊಳ್ಳಲು ಬಂದ ರೈತರೂ, "ಅಮ್ಮಾರೇ, ದಾರಿ ತಪ್ಪಿಸ್ಕಂಡಿದ್ರಂತೆ?" ಎಂದು ನಗುತ್ತಿದ್ದರು. ಅವಳು ಬೀಜ ತೂಗುತ್ತಿದ್ದಳು. ನಿಜ ಹೇಳು ಎಂದು ನಾನು ಜಗಳವಾಡಿದರೆ, "ಹೇಳಿದ್ರೆ ಅದಕ್ಕೂ ನಗ್ತಾರೆ. ಬಿಡೇ" ಎನ್ನುತ್ತಿದ್ದಳು. ಊರಿಗೆ ಬುದ್ಧಿ ಹೇಳುತ್ತಿದ್ದವಳನ್ನು ಊರು ದಡ್ಡಿ ಎಂದುಕೊಂಡಿತು. ಅವಳ ಸುಮ್ಮನಿರುವಿಕೆಯ ಮೇಲೆ ನನಗಿದ್ದ ಸಿಟ್ಟು ದೊಡ್ಡಪ್ಪನ ಮೇಲಿನ ಸಿಟ್ಟಿಗಿಂತ ಕಡಿಮೆಯೇನೂ ಇರಲಿಲ್ಲ.

ಎರಡು ವರ್ಷದ ಮೇಲೆ, ಹೊಸ ಗೋದಾಮಿನ ಪೂಜೆಗೆ ಮನೆಯಲ್ಲಿ ಊಟ ಇತ್ತು. ಡೀಲರುಗಳು ಬಂದಿದ್ದರು, ಉಚ್ಚಂಗಪ್ಪ ಬಂದಿದ್ದರು, ಸೊರಬದಿಂದ ಮುನೀರ್ ಅಹ್ಮದ್ ಮತ್ತು ಹಮೀದಾ ಬಂದಿದ್ದರು. ಸಾಲಾಗಿ ಎಲೆ ಹಾಕಿತ್ತು. ನಾನೂ ದೊಡ್ಡಮ್ಮನೂ ಬಡಿಸುತ್ತಿದ್ದೆವು. ಹೋಳಿಗೆ ಮುಗಿದು ಮೊಸರನ್ನದ ಹೊತ್ತಿಗೆ ದೊಡ್ಡಪ್ಪ ಶುರು ಮಾಡಿದರು. ಈ ಸಲ ಕಥೆಗೆ ಹೊಸ ಒಗ್ಗರಣೆ ಬಿದ್ದಿತ್ತು. "ನನ್ನ ನೋಡಿದ್ದೇ ತಡ, ಓಡಿ ಬಂದು ಎರಡೂ ಕಾಲು ಹಿಡ್ಕಂಡುಬಿಟ್ಲು ಕಣ್ರಪ್ಪ! ಇನ್ಮೇಲೆ ನಿಮ್ಮ ಕೈ ಬಿಡಲ್ಲ ಅಂತ ಒಂದೇ ಸಮ ಅಳು!"

ಎಲೆಯ ಮುಂದೆ ಕೂತವರೆಲ್ಲ ಹೋ ಎಂದು ನಕ್ಕರು. ದೊಡ್ಡಮ್ಮ ಮೊಸರಿನ ಪಾತ್ರೆ ಹಿಡಿದು ಅವರ ಎಲೆಯ ಎದುರೇ ನಿಂತಿದ್ದಳು.

"ನಾನು ಅತ್ತಿಲ್ಲ" ಎಂದಳು. ದನಿ ಏರಿಸಲಿಲ್ಲ, ಆದರೂ ಸಾಲಿನ ಕೊನೆಯವರೆಗೆ ಕೇಳಿಸಿತು. "ಕಳೆದೂ ಹೋಗಿರ್ಲಿಲ್ಲ. ಹಡಗು ಕೂಗಿದ್ದು ಕೇಳ್ತು. ಮೇಲೆ ಗೋಡೆ ಮೇಲೆ ಕೂತು ನಿಮ್ಮನ್ನೇ ನೋಡ್ತಿದ್ದೆ."

ದೊಡ್ಡಪ್ಪ ಇನ್ನೂ ನಗುತ್ತಲೇ ಇದ್ದರು. "ಏ, ಸುಮ್ನಿರು ಮಾರಾಯ್ತಿ..."

"ನೀವು ಬಿಳಿ ಟೋಪಿ ಹಾಕ್ಕಂಡಿದ್ರಿ. ಹಡಗು ಬಿಟ್ಟ ಮೇಲೆ ಹಿಂದಿನ ಕಂಬಿ ಹತ್ರ ಬಂದ್ರಿ. ಓ, ನನ್ನ ಹುಡುಕ್ತಾವರೆ ಅಂತ ನಾನು ಎದ್ದು ನಿಂತ್ಕಂಡೆ. ಸೆರಗು ಬೀಸ್ದೆ. ನೀವು ಈ ಕಡೆ ಮುಖ ಮಾಡಿದ್ರಿ. ಪಿಸ್ತಾ ತಿಂದಿದ್ರಲ್ಲ, ಆ ಸಿಪ್ಪೆ ಪೊಟ್ಟಣ ನೀರಿಗೆ ಕೊಡವಿದ್ರಿ. ಕೈ ಒರೆಸ್ಕಂಡು ಒಳಗೆ ಹೋದ್ರಿ."

ಇದನ್ನು ಅವಳು ನನಗೂ ಹೇಳಿರಲಿಲ್ಲ. ಯಾರೋ ಕೆಮ್ಮಿದರು. ದೊಡ್ಡಪ್ಪ ಪಕ್ಕದ ಉಚ್ಚಂಗಪ್ಪನ ಮುಖ ನೋಡಿದರು, ಉಚ್ಚಂಗಪ್ಪ ತಮ್ಮ ಎಲೆ ನೋಡಿಕೊಂಡರು. "ಅದು... ಬಿಸ್ಲಿತ್ತು, ಕಂಡಿರ್ಲಿಕ್ಕಿಲ್ಲ" ಎಂದರು ದೊಡ್ಡಪ್ಪ.

"ಬಿಸ್ಲು ನಿಮ್ಮ ಬೆನ್ನಿಗಿತ್ತು" ಎಂದಳು ದೊಡ್ಡಮ್ಮ.

ಮೊಸರಿನ ಪಾತ್ರೆಯನ್ನು ಅವರ ಎಲೆಯ ಮುಂದೆ ನೆಲದ ಮೇಲಿಟ್ಟಳು. ಸಾಲಿನಲ್ಲಿ ಹಮೀದಾಳ ಪಕ್ಕ ಒಂದು ಎಲೆ ಖಾಲಿ ಇತ್ತು, ಅಲ್ಲಿಗೆ ಹೋಗಿ ಕೂತಳು. ನಾನು ಅವಳಿಗೆ ಅನ್ನ ಬಡಿಸಿದೆ. ಅವಳು ಊಟ ಮುಗಿಸಿ ಏಳುವವರೆಗೂ ದೊಡ್ಡಪ್ಪ ತಲೆ ಎತ್ತಲಿಲ್ಲ.